ಮತ್ತೊಮ್ಮೆ ನೋಡದೆ ಹೊರಟುಬಿಡುವುದು: ಒಸಿಡಿ ಚಿಕಿತ್ಸೆಯ ಬಗ್ಗೆ

ಒಸಿಡಿಗೆ, ಅಂದರೆ ಬೇಡದ ಯೋಚನೆಗಳು ಮತ್ತೆ ಮತ್ತೆ ಬಂದು, ಆ ಗಾಬರಿ ಇಳಿಸಲು ಏನನ್ನೋ ಪದೇ ಪದೇ ಮಾಡಿಸುವ ಗೀಳಿನ ಕಾಯಿಲೆಗೆ, ಚಿಕಿತ್ಸೆ ಇದೆ. ಯಾರನ್ನೋ ಸಮಾಧಾನ ಮಾಡಲು ಹೇಳುತ್ತಿರುವ ಮಾತಲ್ಲ ಇದು. ಯಾವ ಚಿಕಿತ್ಸೆ ಕೆಲಸ ಮಾಡುತ್ತದೆ, ಎಷ್ಟು ವಾರ ಕಾಯಬೇಕು, ಒಂದು ಸಾಲದಿದ್ದರೆ ಮುಂದೇನು ಅನ್ನುವುದೆಲ್ಲ ಸಾಕಷ್ಟು ಸ್ಪಷ್ಟವಾಗಿ ಗೊತ್ತಿರುವ ಕಾಯಿಲೆ ಇದು. ಆದರೂ ಜನ ಇದರ ಜೊತೆ ವರ್ಷಗಟ್ಟಲೆ ಒಬ್ಬರೇ ಒದ್ದಾಡುತ್ತಾರೆ. ಕೆಲವರು ಯಾರಿಗೂ ಹೇಳುವುದಿಲ್ಲ. ಇನ್ನು ಕೆಲವರು ಹೇಳುತ್ತಾರೆ, ಆದರೆ ಅವರಿಗೆ ಸಿಗುವ ಚಿಕಿತ್ಸೆ ಒಸಿಡಿಯದ್ದಾಗಿರುವುದಿಲ್ಲ. ಎರಡನೆಯದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಈ ಬರಹ ಬರೆಯಲು ಅದೇ ಕಾರಣ.

ನಾನು ಆಸ್ಪತ್ರೆಯೊಂದರ ಔಷಧಿ ವಿಭಾಗದಲ್ಲಿ ಫಾರ್ಮಸಿಸ್ಟ್. ಒಸಿಡಿಗೆ ಬರೆದುಕೊಡುವ ಮಾತ್ರೆಗಳನ್ನು ದಿನವೂ ಎಣಿಸಿ ಕೊಡುತ್ತೇನೆ. ಅದರಲ್ಲಿ ಒಂದನ್ನು ನಾನೂ ತೆಗೆದುಕೊಳ್ಳುತ್ತೇನೆ. ನನ್ನ ಒಸಿಡಿ ಹಿಡಿದುಕೊಂಡಿದ್ದು ನನ್ನ ಕೆಲಸವನ್ನೇ. 5 ಮಿಲಿಗ್ರಾಂ ಬದಲು 50 ಕೊಟ್ಟುಬಿಟ್ಟೆನಾ? ಮಗುವಿನ ಸಿರಪ್ ಬಾಟಲಿಗೆ ಬೇರೆಯವರ ಲೇಬಲ್ ಅಂಟಿಸಿದೆನಾ? ಆ ಅಜ್ಜಿಗೆ ರಕ್ತ ತೆಳುವಾಗುವ ಮಾತ್ರೆ ಎರಡು ಸಲ ಹೋಯಿತಾ? ಪ್ರಶ್ನೆ ಬಂದಾಗ ಎದೆ ಧಸಕ್ ಅನ್ನುತ್ತಿತ್ತು. ಹೋಗಿ ನೋಡುತ್ತಿದ್ದೆ. ಸರಿಯಾಗಿಯೇ ಇರುತ್ತಿತ್ತು. ಎರಡು ಹೆಜ್ಜೆ ಇಟ್ಟ ಮೇಲೆ, ಸರಿಯಾಗಿ ನೋಡಿದೆನಾ ಅನ್ನುವ ಇನ್ನೊಂದು ಪ್ರಶ್ನೆ ಬರುತ್ತಿತ್ತು.

ಮನೆಗೆ ಬಂದ ಮೇಲೆ ನೋಡಲು ಚೀಟಿಗಳಿಲ್ಲವಲ್ಲ. ಆಗ ತಲೆಯಲ್ಲೇ ನೋಡುತ್ತಿದ್ದೆ. ಬೆಳಿಗ್ಗೆಯಿಂದ ಬಂದ ಒಬ್ಬೊಬ್ಬರನ್ನೂ ನೆನಪು ಮಾಡಿಕೊಂಡು, ಯಾವ ಚೀಟಿ, ಯಾವ ಡಬ್ಬಿ, ಕೈ ಎಲ್ಲಿಗೆ ಹೋಯಿತು ಅಂತ ಸಿನಿಮಾ ರೀಲಿನ ಹಾಗೆ ಹಿಂದೆ ಮುಂದೆ ಓಡಿಸುತ್ತಿದ್ದೆ. ನಡುವೆ ಎಲ್ಲಾದರೂ ಒಂದು ಚೂರು ಮಸುಕಾದರೆ ಮತ್ತೆ ಮೊದಲಿನಿಂದ. ಹೊರಗಿನಿಂದ ನೋಡುವವರಿಗೆ ನಾನು ಸುಮ್ನೆ ಕಿಟಕಿಯ ಕಡೆ ನೋಡುತ್ತಾ ಕೂತಿದ್ದೇನೆ ಅನ್ನಿಸುತ್ತಿತ್ತು, ಅಷ್ಟೇ.

ಒಸಿಡಿ ಅಂದರೆ ಕೈ ತೊಳೆಯುವುದು, ಬೀಗ ಎಳೆದು ನೋಡುವುದು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಅದು ಇದೆ, ಖಂಡಿತ ಇದೆ. ಗಾಬರಿ ಇಳಿಸಲು ಪದೇ ಪದೇ ಮಾಡುವ ಇಂಥ ಕೆಲಸಗಳನ್ನು ಆಚರಣೆ ಅನ್ನುತ್ತಾರೆ. ಆದರೆ ಕಣ್ಣಿಗೆ ಕಾಣದ ಆಚರಣೆಗಳೂ ಇವೆ. ತಲೆಯಲ್ಲೇ ಎಣಿಸುವುದು, ಕೆಟ್ಟ ಯೋಚನೆ ಬಂದರೆ ಅದನ್ನು ಅಳಿಸಲು ಒಳ್ಳೆಯ ಯೋಚನೆ ತರುವುದು, ನಾನು ಒಳ್ಳೆಯವಳೇನಾ ಅಂತ ಒಳಗೊಳಗೇ ವಿಚಾರಣೆ ನಡೆಸುವುದು. ನನ್ನ ಅಕ್ಕನಿಗೆ ಮಗು ಹುಟ್ಟಿದಾಗ ನನಗೆ ಅಂಥ ಯೋಚನೆಗಳು ಶುರುವಾದವು. ಮಗುವನ್ನು ಎತ್ತಿಕೊಂಡಾಗ, ಇದನ್ನು ಕೆಳಗೆ ಬಿಟ್ಟುಬಿಟ್ಟರೆ ಅನ್ನುವ ಚಿತ್ರ ಕಣ್ಣ ಮುಂದೆ ಬರುತ್ತಿತ್ತು. ಯಾರಿಗೆ ಹೇಳುವುದು ಇದನ್ನು? ಹೇಳಿದರೆ ಮಗುವನ್ನು ನನ್ನ ಕೈಗೆ ಕೊಡುತ್ತಾರಾ?

ಇದನ್ನು ಓದುತ್ತಿರುವ ಯಾರಿಗಾದರೂ ಅಂಥ ಯೋಚನೆ ಬರುತ್ತಿದ್ದರೆ ದಯವಿಟ್ಟು ಈ ಒಂದು ವಿಷಯ ತಿಳಿದುಕೊಳ್ಳಿ. 1978ರಲ್ಲಿ ಸ್ಟ್ಯಾನ್ಲಿ ರಾಕ್‌ಮನ್ ಮತ್ತು ಪದ್ಮಲ್ ಡಿ ಸಿಲ್ವ ಅನ್ನುವ ಮನಶ್ಶಾಸ್ತ್ರಜ್ಞರು ಯಾವ ಕಾಯಿಲೆಯೂ ಇಲ್ಲದ ಜನರನ್ನು ಈ ಬಗ್ಗೆ ಕೇಳಿದರು. ಹೆಚ್ಚಿನವರು ತಮಗೂ ಇಂಥ ಬೇಡದ ಯೋಚನೆಗಳು ಬರುತ್ತವೆ ಅಂದರು. 2014ರಲ್ಲಿ 13 ದೇಶಗಳ ವಿದ್ಯಾರ್ಥಿಗಳನ್ನು ಕೇಳಿದಾಗ ಶೇಕಡ 94ರಷ್ಟು ಜನ ಅದನ್ನೇ ಹೇಳಿದರು. ಯೋಚನೆ ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತದೆ. ಬೇರೆಯವರು, ಥೂ ಎಂಥ ಯೋಚನೆ ಅಂದುಕೊಂಡು ಮುಂದೆ ಹೋಗುತ್ತಾರೆ. ಒಸಿಡಿ ಇರುವವರು ಅಲ್ಲೇ ನಿಂತು, ಇದು ಯಾಕೆ ಬಂತು, ಇದರ ಅರ್ಥ ಏನು, ನಾನು ಹಾಗೆ ಮಾಡಿಬಿಡುತ್ತೇನಾ ಅಂತ ಕೇಳಲು ಶುರು ಮಾಡುತ್ತಾರೆ. ಕಾಯಿಲೆ ಇರುವುದು ಆ ಕೇಳುವಿಕೆಯಲ್ಲಿ, ಯೋಚನೆಯಲ್ಲಲ್ಲ. ಮಗುವಿನ ಬಗ್ಗೆ ತುಂಬಾ ಪ್ರೀತಿ ಇರುವವರನ್ನೇ, ಜವಾಬ್ದಾರಿಯನ್ನು ಜಾಸ್ತಿ ಹೊತ್ತುಕೊಳ್ಳುವವರನ್ನೇ ಇದು ಹೆಚ್ಚಾಗಿ ಹಿಡಿಯುತ್ತದೆ ಅನ್ನುವುದು ನನ್ನ ಅನಿಸಿಕೆ.

ಚಿಕಿತ್ಸೆ ಅರ್ಥವಾಗಬೇಕಾದರೆ ಒಂದು ಸುತ್ತನ್ನು ಅರ್ಥ ಮಾಡಿಕೊಳ್ಳಬೇಕು. ಯೋಚನೆ ಬರುತ್ತದೆ, ಗಾಬರಿ ಏರುತ್ತದೆ. ಅದನ್ನು ಇಳಿಸಲು ಏನೋ ಒಂದು ಮಾಡುತ್ತೇವೆ. ತೊಳೆಯುತ್ತೇವೆ, ನೋಡುತ್ತೇವೆ, ಯಾರನ್ನೋ ಕೇಳುತ್ತೇವೆ. ಗಾಬರಿ ಇಳಿಯುತ್ತದೆ. ಇಳಿದಿದ್ದೇ ತಡ, ನೋಡಿದ್ದರಿಂದಲೇ ಬಚಾವಾದೆ ಅಂತ ಮಿದುಳು ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಸಲ ಇನ್ನೂ ಜೋರಾಗಿ ಕೇಳುತ್ತದೆ.

ಇದರ ಜೊತೆಗೆ ಇನ್ನೊಂದು ತೊಂದರೆ ಇದೆ. ನೆದರ್ಲೆಂಡ್ಸ್‌ನ ಮಾರ್ಸೆಲ್ ಫಾನ್ ಡೆನ್ ಹೌಟ್ ಮತ್ತು ಮೆರೆಲ್ ಕಿಂಟ್ 2003ರಲ್ಲಿ ಪ್ರಕಟಿಸಿದ ಪ್ರಯೋಗಗಳು ಅದನ್ನು ತೋರಿಸಿವೆ. ಅವರು ಆರೋಗ್ಯವಂತರಿಗೆ ಕಂಪ್ಯೂಟರ್ ಪರದೆಯ ಮೇಲಿನ ಗ್ಯಾಸ್ ಒಲೆಯನ್ನು ಮತ್ತೆ ಮತ್ತೆ ಆರಿಸಿ, ಪರೀಕ್ಷಿಸಿ ನೋಡಲು ಹೇಳಿದರು. ಕೊನೆಗೆ ಕೇಳಿದಾಗ, ಪದೇ ಪದೇ ನೋಡಿದವರ ನೆನಪು ತಪ್ಪಾಗಿರಲಿಲ್ಲ. ಆದರೆ ಆ ನೆನಪು ಮಂಕಾಗಿತ್ತು, ಅದರ ಮೇಲೆ ಅವರಿಗೆ ನಂಬಿಕೆ ಕಡಿಮೆಯಾಗಿತ್ತು. ಅಂದರೆ ನೋಡಿದಷ್ಟೂ ಅನುಮಾನ ಹೆಚ್ಚುತ್ತದೆ. ಇದನ್ನು ಓದಿದ ದಿನ ನಾನು ತುಂಬಾ ಹೊತ್ತು ಯೋಚಿಸಿದೆ. ನನ್ನ ನೆನಪು ಕೆಟ್ಟುಹೋಗಿದೆ, ಅದಕ್ಕೇ ಪದೇ ಪದೇ ನೋಡಬೇಕಾಗಿದೆ ಅಂತ ನಾನು ನಂಬಿದ್ದೆ. ನಿಜ ಅದರ ತಲೆಕೆಳಗು.

ಹಾಗಾಗಿ ಗಾಬರಿಯನ್ನು ಬೇಗ ಇಳಿಸುವುದೇ ಗುರಿಯಾಗಿರುವ ಯಾವ ವಿಧಾನವೂ ಒಸಿಡಿಗೆ ಹೆಚ್ಚು ಪ್ರಯೋಜನ ಮಾಡುವುದಿಲ್ಲ. ನಾನು ಮೊದಲು ಹೋದ ಆಪ್ತಸಲಹೆಗಾರರು ಒಳ್ಳೆಯ ಮನಸ್ಸಿನವರು. ಉಸಿರಾಟದ ಅಭ್ಯಾಸ ಕಲಿಸಿದರು. ಕೆಟ್ಟ ಯೋಚನೆ ಬಂದಾಗ ಮನಸ್ಸಿನಲ್ಲೇ ನಿಲ್ಲು ಅಂತ ಕೂಗಲು ಹೇಳಿದರು. ನಿಮ್ಮ ಕೈಯಿಂದ ಇಲ್ಲಿಯವರೆಗೆ ಏನಾದರೂ ತಪ್ಪಾಗಿದೆಯಾ, ಇಲ್ಲ ಅಲ್ವಾ ಅಂತ ಕೇಳಿ ಧೈರ್ಯ ತುಂಬಿದರು. ಆ ಕೋಣೆಯಿಂದ ಹೊರಬರುವಾಗ ಹಗುರವಾಗಿರುತ್ತಿತ್ತು. ಸಂಜೆಯೊಳಗೆ ಎಲ್ಲ ವಾಪಸ್. ನನ್ನ ಬಾಲ್ಯದ ಬಗ್ಗೆ ತಿಂಗಳುಗಟ್ಟಲೆ ಮಾತಾಡಿದೆವು. ನನ್ನ ಬಗ್ಗೆ ಎಷ್ಟೋ ತಿಳಿದುಕೊಂಡೆ. ಚೀಟಿ ನೋಡುವುದು ಮಾತ್ರ ಒಂದು ಸಲವೂ ಕಡಿಮೆಯಾಗಲಿಲ್ಲ. ಮಾತಿನ ಚಿಕಿತ್ಸೆಯೇ ವ್ಯರ್ಥ ಅನ್ನುತ್ತಿಲ್ಲ ನಾನು. ದುಃಖಕ್ಕೆ, ಸಂಬಂಧಗಳ ಬಿಕ್ಕಟ್ಟಿಗೆ ಅದು ದೊಡ್ಡ ಆಸರೆ. ಒಸಿಡಿಗೆ ಬೇಕಾಗಿರುವುದು ಬೇರೆ.

ಅದರ ಹೆಸರು ಇಆರ್‌ಪಿ. ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್. ಭಯ ಹುಟ್ಟಿಸುವ ವಿಷಯದ ಎದುರು ಬೇಕೆಂದೇ ಹೋಗಿ ನಿಲ್ಲುವುದು, ಆಮೇಲೆ ಆಚರಣೆ ಮಾಡದೆ ಇರುವುದು. ಇದರ ಮೂಲ 1966ರಲ್ಲಿ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ ಪ್ರಕಟಿಸಿದ ಇಬ್ಬರು ರೋಗಿಗಳ ಕಥೆ. ಲಂಡನ್ನಿನ ಮಿಡಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಅವರಿಗೆ ಚಿಕಿತ್ಸೆ ನಡೆಯಿತು. ಒಬ್ಬರಿಗೆ ಕೊಳಕಿನ ಭಯ, ದಿನವಿಡೀ ತೊಳೆಯುವುದು. ನರ್ಸ್‌ಗಳು ಪಕ್ಕದಲ್ಲೇ ಇದ್ದು ತೊಳೆಯಲು ಬಿಡಲಿಲ್ಲ, ಕೋಣೆಯ ನಲ್ಲಿಯ ನೀರನ್ನೂ ನಿಲ್ಲಿಸಿದರು. ಅದಕ್ಕೂ ಮೊದಲು ಇಂಥವರಿಗೆ ಮಾಡುವುದು ಹೆಚ್ಚೇನೂ ಇಲ್ಲ ಅಂತಲೇ ವೈದ್ಯರು ಕೈಚೆಲ್ಲುತ್ತಿದ್ದರು. ಇಬ್ಬರಲ್ಲೂ ಒಳ್ಳೆಯ ಬದಲಾವಣೆ ಕಂಡಿತು. ಇವತ್ತು ಯಾರೂ ನಲ್ಲಿ ಬಂದ್ ಮಾಡುವುದಿಲ್ಲ, ಬಲವಂತ ಮಾಡುವುದಿಲ್ಲ. ಏನು ಮಾಡಬೇಕು, ಯಾವಾಗ ಮಾಡಬೇಕು ಅಂತ ತೀರ್ಮಾನಿಸುವುದು ರೋಗಿಯೇ. ಮೇಯರ್ ನಂತರ ಮನಶ್ಶಾಸ್ತ್ರಜ್ಞೆ ಎಡ್ನಾ ಫೋವಾ ಮತ್ತಿತರರು ಇದನ್ನು ಕ್ರಮಬದ್ಧವಾಗಿ ಬೆಳೆಸಿದರು. ಸಾಮಾನ್ಯವಾಗಿ 12ರಿಂದ 20 ಭೇಟಿಗಳು, ನಡುವೆ ಮನೆಯಲ್ಲಿ ಅಭ್ಯಾಸ.

ನನ್ನ ವಿಷಯದಲ್ಲಿ ಒಂದು ತೊಡಕಿತ್ತು. ಪರೀಕ್ಷಿಸಿ ನೋಡುವುದು ನನ್ನ ಕೆಲಸದ ಭಾಗ. ನೋಡಲೇಬಾರದು ಅನ್ನುವ ಹಾಗಿಲ್ಲ, ರೋಗಿಗಳ ಜೀವದ ಪ್ರಶ್ನೆ. ಇಆರ್‌ಪಿ ಮಾಡಿಸಿದ ಮನಶ್ಶಾಸ್ತ್ರಜ್ಞೆ ಮೊದಲ ಭೇಟಿಯಲ್ಲೇ ಕೇಳಿದ್ದು ಇದು: ನಿಮ್ಮ ವಿಭಾಗದಲ್ಲಿ ಲಿಖಿತ ನಿಯಮ ಇದೆಯಾ? ಇತ್ತು. ಚೀಟಿ ತೆಗೆದುಕೊಳ್ಳುವಾಗ ಒಮ್ಮೆ, ಡಬ್ಬಿಯಿಂದ ತೆಗೆಯುವಾಗ ಒಮ್ಮೆ, ರೋಗಿಯ ಕೈಗೆ ಕೊಡುವಾಗ ಹೆಸರು ಕೇಳಿ ಒಮ್ಮೆ. ಕೆಲವು ಅಪಾಯಕಾರಿ ಔಷಧಿಗಳಿಗೆ ಇನ್ನೊಬ್ಬ ಫಾರ್ಮಸಿಸ್ಟ್ ನೋಡಿ ಸಹಿ ಹಾಕಬೇಕು. ಆ ಕಾಗದವನ್ನು ಮೇಜಿನ ಮೇಲಿಟ್ಟು ಆಕೆ ಹೇಳಿದರು, ಇದು ಕೆಲಸ, ಇದರ ಆಚೆಗಿನದು ಒಸಿಡಿ. ಅಷ್ಟು ಸರಳವಾದ ಗೆರೆಯನ್ನು ಅಲ್ಲಿಯವರೆಗೆ ಯಾರೂ ನನಗೆ ಎಳೆದು ತೋರಿಸಿರಲಿಲ್ಲ.

ಆಮೇಲೆ ಪಟ್ಟಿ ಮಾಡಿದೆವು. ಯಾವುದನ್ನು ಬಿಟ್ಟರೆ ಎಷ್ಟು ಕಷ್ಟ ಅಂತ 0ರಿಂದ 100ರವರೆಗೆ ಅಂಕ. ಕೆಮ್ಮಿನ ಔಷಧಿಯನ್ನು ನಿಯಮದಷ್ಟೇ ನೋಡಿ ಕೊಟ್ಟು ಕಳಿಸುವುದು 30. ಹೃದಯದ ಮಾತ್ರೆಯನ್ನು ಹಾಗೆ ಕೊಡುವುದು 70. ಕೊಟ್ಟ ಮೇಲೆ ಆ ಚೀಟಿಯನ್ನು ಕಡತಕ್ಕೆ ಸೇರಿಸಿ, ದಿನದ ಕೊನೆಗೆ ತೆರೆಯದೆ ಮನೆಗೆ ಹೋಗುವುದು 85. ರಾತ್ರಿ ತಲೆಯಲ್ಲಿ ರೀಲು ಓಡಿಸದೆ ಇರುವುದು 95. ನಡುವಿನಿಂದ ಶುರು ಮಾಡಿದೆವು.

ಒಂದು ಮಾತು ಇಲ್ಲಿ ಹೇಳಲೇಬೇಕು. ಒಳ್ಳೆಯ ಚಿಕಿತ್ಸಕರು ಯಾರನ್ನೂ ನಿಜವಾದ ಅಪಾಯಕ್ಕೆ ದೂಡುವುದಿಲ್ಲ. ಬೇಕೆಂದೇ ತಪ್ಪು ಮಾತ್ರೆ ಕೊಡಿ ಅಂತ ನನಗೆ ಯಾರೂ ಹೇಳಲಿಲ್ಲ. ಎದುರಿಸಬೇಕಾಗಿದ್ದುದು ತಪ್ಪನ್ನಲ್ಲ, ತಪ್ಪಾಗಿರಬಹುದು ಅನ್ನುವ ಅನುಮಾನವನ್ನು. ಆ ಅನುಮಾನ ಎಲ್ಲರ ಬದುಕಿನಲ್ಲೂ ಇದ್ದೇ ಇರುತ್ತದೆ. ಶೇಕಡ ನೂರು ಖಾತ್ರಿ ಅನ್ನುವುದು ಯಾರಿಗೂ ಇಲ್ಲ. ಬೇರೆಯವರು ಅದಿಲ್ಲದೆ ಆರಾಮಾಗಿ ಮಲಗುತ್ತಾರೆ, ನಾನು ಅದು ಸಿಗುವವರೆಗೆ ಮಲಗುತ್ತಿರಲಿಲ್ಲ.

ರಾತ್ರಿಯ ರೀಲಿಗೆ ಬೇರೆ ವಿಧಾನ ಬೇಕಾಯಿತು, ಏಕೆಂದರೆ ತಲೆಯೊಳಗಿನ ಆಚರಣೆಗೆ ಬಾಗಿಲು ಹಾಕಲು ಬರುವುದಿಲ್ಲ. ಯೋಚಿಸಬೇಡ ಅಂದರೆ ಜಾಸ್ತಿ ಯೋಚಿಸುತ್ತೇವೆ. ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಅಂತ ಹೇಳಿ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಮಾಡಿದ ಪ್ರಯೋಗ ಇದನ್ನೇ ತೋರಿಸಿತು. ನಾವು ಮಾಡಿದ್ದು ಅದಕ್ಕೆ ವಿರುದ್ಧ. ನಾನೇ ಬರೆದು, ನನ್ನದೇ ದನಿಯಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿದೆ: "ಇವತ್ತು ನಾನು ಯಾರಿಗೋ ತಪ್ಪು ಮಾತ್ರೆ ಕೊಟ್ಟಿರಬಹುದು. ಕೊಡದೆಯೂ ಇರಬಹುದು. ನನಗೆ ಖಚಿತವಾಗಿ ಗೊತ್ತಾಗುವುದಿಲ್ಲ. ನಾನು ನೆನಪು ಮಾಡಿಕೊಂಡು ನೋಡುವುದಿಲ್ಲ." ಇದನ್ನು ಮತ್ತೆ ಮತ್ತೆ ಕೇಳಬೇಕು. ಕೇಳುವಾಗ ಇಲ್ಲ ಇಲ್ಲ ಹಾಗಾಗಿಲ್ಲ ಅಂತ ಮನಸ್ಸಿನಲ್ಲಿ ಉತ್ತರ ಕೊಡಬಾರದು. ಮೊದಮೊದಲು ಕೈ ನಡುಗಿತು, ಕಣ್ಣೀರು ಬಂತು. ಕೆಲವು ವಾರಗಳ ನಂತರ ಅದೇ ರೆಕಾರ್ಡಿಂಗ್ ಬೇಸರ ತರಿಸಿತು. ಬೇಸರ ಬಂದ ದಿನ ನಾನು ಮನಶ್ಶಾಸ್ತ್ರಜ್ಞೆಗೆ ಫೋನ್ ಮಾಡಿ ಹೇಳಿದೆ, ಅಷ್ಟು ಖುಷಿಯಾಗಿತ್ತು.

ಭಯ ಪೂರ್ತಿ ಇಳಿಯುವವರೆಗೂ ಕೂರಬೇಕು ಅನ್ನುವುದು ಹಳೆಯ ಪಾಠ. ಮನಶ್ಶಾಸ್ತ್ರಜ್ಞೆ ಮಿಶೆಲ್ ಕ್ರಾಸ್ಕೆ ಮುಂತಾದವರ ಕೆಲಸದಿಂದ ಆ ಒತ್ತು ಈಗ ಸ್ವಲ್ಪ ಬದಲಾಗಿದೆ. ಭಯ ಇಳಿದರೆ ಒಳ್ಳೆಯದು, ಇಳಿಯದಿದ್ದರೂ ಪರವಾಗಿಲ್ಲ. ಏನಾಗುತ್ತದೆ ಅಂತ ನಾವು ಹೆದರಿದ್ದೆವೋ ಅದು ಆಗಲಿಲ್ಲ, ಅಥವಾ ಆ ಗಾಬರಿಯನ್ನು ತಡೆದುಕೊಳ್ಳಲು ನನಗೆ ಆಯಿತು ಅನ್ನುವುದನ್ನು ಮಿದುಳು ಕಲಿಯಬೇಕು, ಅದು ಮುಖ್ಯ. ನನಗೆ ಇದು ತುಂಬಾ ಸಹಾಯ ಮಾಡಿತು. ಭಯ ಇಳಿಯುತ್ತಿಲ್ಲವಲ್ಲ ಅಂತ ಗಡಿಯಾರ ನೋಡುವುದೇ ಇನ್ನೊಂದು ಆಚರಣೆ ಆಗುವುದಿತ್ತು.

ಮನೆಯವರ ವಿಷಯಕ್ಕೆ ಬರುತ್ತೇನೆ. ನನ್ನ ಗಂಡ ಪ್ರತಿ ರಾತ್ರಿ ನನ್ನ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದರು. ಏನೂ ಆಗಿಲ್ಲ, ನೀನು ಸರಿಯಾಗೇ ಕೊಟ್ಟಿರುತ್ತೀಯ. ಪ್ರೀತಿಯಿಂದ ಹೇಳುವ ಮಾತೇ ಅದು. ಆದರೆ ಆ ಭರವಸೆಯೂ ಸುತ್ತಿನ ಒಂದು ಭಾಗವಾಗಿಬಿಡುತ್ತದೆ. ಚಿಕಿತ್ಸಕರು ಅವರನ್ನೂ ಒಂದು ದಿನ ಕರೆಸಿದರು. ಇದ್ದಕ್ಕಿದ್ದಂತೆ ಉತ್ತರ ನಿಲ್ಲಿಸಬೇಡಿ, ಇಬ್ಬರೂ ಕೂತು ಮೊದಲೇ ಮಾತಾಡಿಕೊಳ್ಳಿ ಅಂದರು. ನಾವು ಒಪ್ಪಿಕೊಂಡ ಮಾತು: "ಇದು ಒಸಿಡಿಯ ಪ್ರಶ್ನೆ ಅನ್ನಿಸುತ್ತಿದೆ. ನಾನು ಉತ್ತರ ಕೊಡುವುದಿಲ್ಲ, ಆದರೆ ಜೊತೆಗೆ ಕೂರುತ್ತೇನೆ." ಮೊದಲ ಸಲ ಹಾಗೆ ಹೇಳಿದಾಗ ನನಗೆ ಸಿಟ್ಟು ಬಂತು. ಅವರು ಎದ್ದು ಹೋಗಲಿಲ್ಲ. ಜೊತೆಗೆ ಕೂತರು.

ಮಕ್ಕಳಿಗೆ ಒಸಿಡಿ ಇದ್ದರೆ ಇದು ಇನ್ನೂ ಮುಖ್ಯ. ಮಗು ಅಳುತ್ತದೆ ಅಂತ ಇಡೀ ಮನೆ ಅದರ ನಿಯಮಗಳಿಗೆ ಹೊಂದಿಕೊಂಡುಬಿಡುತ್ತದೆ. ಯಾರು ಎಲ್ಲಿ ಕೂರಬೇಕು, ಯಾವ ಮಾತು ಎಷ್ಟು ಸಲ ಹೇಳಬೇಕು ಎಲ್ಲವೂ. ಯೇಲ್ ವಿಶ್ವವಿದ್ಯಾಲಯದ ಈಲೈ ಲೆಬೊವಿಟ್ಸ್ ಬೆಳೆಸಿದ ಸ್ಪೇಸ್ ಅನ್ನುವ ವಿಧಾನದಲ್ಲಿ ಚಿಕಿತ್ಸೆ ನಡೆಯುವುದು ಅಪ್ಪ ಅಮ್ಮನ ಜೊತೆ. ಮಗು ಚಿಕಿತ್ಸೆಗೆ ಬರಲು ಒಪ್ಪದಿದ್ದರೂ ಮನೆಯವರು ತಮ್ಮ ಹೊಂದಾಣಿಕೆಯನ್ನು ನಿಧಾನವಾಗಿ ಕಡಿಮೆ ಮಾಡುವುದನ್ನು ಕಲಿಯಬಹುದು.

ಈಗ ನನ್ನ ಕೌಂಟರಿನ ವಿಷಯ, ಔಷಧಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಏಕೆಂದರೆ ಇಲ್ಲಿ ನಡೆಯುವ ಒಂದು ವಿಷಯವನ್ನು ನಾನು ಕಣ್ಣಾರೆ ನೋಡುತ್ತಲೇ ಇರುತ್ತೇನೆ. ಎರಡು ಮೂರು ವಾರ ಮಾತ್ರೆ ತೆಗೆದುಕೊಂಡು, ಏನೂ ಪ್ರಯೋಜನವಿಲ್ಲ ಅಂತ ಉಳಿದ ಸ್ಟ್ರಿಪ್ ಹಿಡಿದು ವಾಪಸ್ ಬರುತ್ತಾರೆ. ಕಾರಣ, ಅವರಿಗೆ ಯಾರೂ ಕಾಲದ ಲೆಕ್ಕ ಹೇಳಿರುವುದಿಲ್ಲ. ಒಸಿಡಿಯಲ್ಲಿ ಈ ಮಾತ್ರೆಗಳು ಸರಿಯಾಗಿ ಕೆಲಸ ಮಾಡುತ್ತವೋ ಇಲ್ಲವೋ ಅಂತ ಹೇಳಲು 8ರಿಂದ 12 ವಾರ ಬೇಕು. ಅದೂ ಸಾಕಷ್ಟು ಪ್ರಮಾಣಕ್ಕೆ ಏರಿಸಿದ ಮೇಲೆ. ಮೊದಲ ವಾರಗಳಲ್ಲಿ ಕಾಣುವುದು ಬರೀ ತೊಂದರೆಗಳು: ಹೊಟ್ಟೆ ತೊಳಸುವುದು, ತಲೆನೋವು, ನಿದ್ದೆ ಏರುಪೇರು, ಕೆಲವರಿಗೆ ಚಡಪಡಿಕೆ. ಇವು ಬಹಳ ಜನರಿಗೆ ಕೆಲವೇ ವಾರಗಳಲ್ಲಿ ಕಡಿಮೆಯಾಗುತ್ತವೆ. ಒಳ್ಳೆಯದು ತಡವಾಗಿ, ಕೆಟ್ಟದ್ದು ಮೊದಲು. ಇದನ್ನು ಮುಂಚೆಯೇ ಹೇಳಿದರೆ ಎಷ್ಟೋ ಜನ ತಡೆದುಕೊಳ್ಳುತ್ತಾರೆ.

ಮೊದಲ ಆಯ್ಕೆಯ ಗುಂಪಿನ ಹೆಸರು ಎಸ್‌ಎಸ್‌ಆರ್‌ಐ. ಫ್ಲುಯಾಕ್ಸೆಟೀನ್, ಫ್ಲೂವಾಕ್ಸಮೀನ್, ಸರ್ಟ್ರಲೀನ್, ಪ್ಯಾರಾಕ್ಸೆಟೀನ್, ಎಸ್ಸಿಟಲೊಪ್ರಾಮ್. ಖಿನ್ನತೆಗೂ ಇವನ್ನೇ ಕೊಡುತ್ತಾರೆ, ಆದರೆ ಒಸಿಡಿಗೆ ಸಾಮಾನ್ಯವಾಗಿ ಪ್ರಮಾಣ ಹೆಚ್ಚು ಬೇಕಾಗುತ್ತದೆ. ಉದಾಹರಣೆಗೆ ಸರ್ಟ್ರಲೀನ್ 200 ಮಿಲಿಗ್ರಾಂವರೆಗೆ, ಫ್ಲೂವಾಕ್ಸಮೀನ್ 300ರವರೆಗೆ ಏರಿಸುವುದು ಅಪರೂಪವೇನಲ್ಲ. ಅಷ್ಟು ದೊಡ್ಡ ಸಂಖ್ಯೆ ನೋಡಿ, ನನಗೆ ಕಾಯಿಲೆ ಅಷ್ಟು ಜೋರಾಗಿದೆಯಾ ಅಂತ ಹೆದರುವವರಿದ್ದಾರೆ. ಹಾಗಲ್ಲ, ಈ ಕಾಯಿಲೆಗೆ ಬೇಕಾಗುವ ಪ್ರಮಾಣವೇ ಅದು. ಎಷ್ಟು ಅನ್ನುವುದು ಮಾತ್ರ ನಿಮ್ಮ ವೈದ್ಯರ ತೀರ್ಮಾನ. ಒಂದು ಮಾತ್ರೆ ಹಿಡಿಸದಿದ್ದರೆ ಅದೇ ಗುಂಪಿನ ಇನ್ನೊಂದು ಹಿಡಿಸಬಹುದು. ಮೊದಲ ಮಾತ್ರೆಗೆ ಸುಮಾರು ಅರ್ಧದಷ್ಟು ಜನರಲ್ಲಿ ಸುಧಾರಣೆ ಕಾಣುತ್ತದೆ. ಸುಧಾರಣೆ ಅಂದರೆ ಪೂರ್ತಿ ಮಾಯ ಅಂತಲ್ಲ, ಕಾಯಿಲೆಯ ಬಿಗಿ ಗಣನೀಯವಾಗಿ ಸಡಿಲವಾಗುವುದು.

ಜನ ಕೇಳಲು ನಾಚಿಕೊಳ್ಳುವ ಅಡ್ಡಪರಿಣಾಮವೂ ಒಂದಿದೆ. ಲೈಂಗಿಕ ಆಸಕ್ತಿ ಕಡಿಮೆಯಾಗುವುದು, ತೃಪ್ತಿ ತಡವಾಗುವುದು. ಇದು ಸಾಮಾನ್ಯ, ಮತ್ತು ತಾನಾಗಿಯೇ ಹೋಗದೆಯೂ ಇರಬಹುದು. ಹೇಳದೆ ಮಾತ್ರೆ ಬಿಟ್ಟುಬಿಡುವುದಕ್ಕಿಂತ ವೈದ್ಯರಿಗೆ ಹೇಳುವುದು ಎಷ್ಟೋ ಉತ್ತಮ, ಅವರ ಬಳಿ ದಾರಿಗಳಿವೆ. ಇನ್ನೊಂದು, 25 ವರ್ಷದೊಳಗಿನವರಲ್ಲಿ ಶುರುವಿನ ವಾರಗಳಲ್ಲಿ ಮತ್ತು ಪ್ರಮಾಣ ಬದಲಿಸಿದಾಗ ಆತ್ಮಹತ್ಯೆಯ ಯೋಚನೆ ಬರುತ್ತಿದೆಯಾ ಅಂತ ಗಮನ ಇಡಬೇಕು. ಹಾಗೇನಾದರೂ ಆದರೆ ಮುಂದಿನ ಭೇಟಿಯವರೆಗೆ ಕಾಯುವುದು ಬೇಡ, ಆಗಲೇ ವೈದ್ಯರನ್ನು ಕಾಣಬೇಕು. ಗರ್ಭಿಣಿಯರು, ಆಗಬಯಸುವವರು, ಹಿಂದೆ ಬೈಪೋಲಾರ್ (ಮನಸ್ಥಿತಿ ವಿಪರೀತ ಏರಿಳಿಯುವ ಕಾಯಿಲೆ) ಇದ್ದವರು ಮೊದಲೇ ಅದನ್ನು ತಿಳಿಸಬೇಕು.

ಕ್ಲೋಮಿಪ್ರಮೀನ್ ಇವೆಲ್ಲಕ್ಕಿಂತ ಹಳೆಯದು. 1960ರ ದಶಕದ ಕೊನೆಯಲ್ಲೇ ಸ್ಪೇನಿನ ವೈದ್ಯರು ಇದು ಗೀಳಿನ ಲಕ್ಷಣಗಳನ್ನು ಕಡಿಮೆ ಮಾಡುವುದನ್ನು ಗಮನಿಸಿದ್ದರು. ಅಮೆರಿಕದಲ್ಲಿ ಒಸಿಡಿಗೆಂದು ಒಪ್ಪಿಗೆ ಸಿಕ್ಕಿದ ಮೊದಲ ಔಷಧಿ ಇದೇ, 1989ರಲ್ಲಿ. ಒಳ್ಳೆಯ ಔಷಧಿ, ಆದರೆ ಬಾಯಿ ಒಣಗುವುದು, ಮಲಬದ್ಧತೆ, ಬೆವರು, ತೂಕಡಿಕೆ ಜಾಸ್ತಿ. ಹೃದಯದ ಲಯದ ಮೇಲೆ ಪರಿಣಾಮ ಬೀರಬಹುದು, ಹಾಗಾಗಿ ಇಸಿಜಿ ನೋಡುತ್ತಾರೆ. ಪ್ರಮಾಣ ಹೆಚ್ಚಾದರೆ ಫಿಟ್ಸ್ ಅಪಾಯವೂ ಇದೆ. ಅದಕ್ಕೇ ಸಾಮಾನ್ಯವಾಗಿ ಎಸ್‌ಎಸ್‌ಆರ್‌ಐ ಕೈಕೊಟ್ಟ ಮೇಲೆ ಇದರ ಸರದಿ. ಆಲ್‌ಪ್ರಝೋಲಮ್‌ನಂಥ ಗಾಬರಿ ಇಳಿಸುವ ಮಾತ್ರೆಗಳು ಒಸಿಡಿಯ ಮೂಲಕ್ಕೆ ಕೆಲಸ ಮಾಡುವುದಿಲ್ಲ. ಅಭ್ಯಾಸವಾಗಿಬಿಡುವ ಅಪಾಯ ಬೇರೆ.

ಮಾತ್ರೆಯಾ, ಇಆರ್‌ಪಿಯಾ? ಕಡಿಮೆಯಿಂದ ಮಧ್ಯಮ ಮಟ್ಟದ ಒಸಿಡಿಗೆ ಇಆರ್‌ಪಿ ಒಂದೇ ಸಾಕಾಗಬಹುದು. ತೀವ್ರವಾಗಿದ್ದರೆ, ಜೊತೆಗೆ ಖಿನ್ನತೆ ಇದ್ದರೆ, ಅಥವಾ ಭಯ ಎದುರಿಸುವ ಶಕ್ತಿಯೇ ಉಳಿದಿಲ್ಲದಿದ್ದರೆ ಎರಡೂ. ನನಗೆ ಮಾತ್ರೆ ಮೊದಲು ಶುರುವಾಯಿತು. ಸರ್ಟ್ರಲೀನ್ ನನ್ನ ಪ್ರಶ್ನೆಗಳನ್ನು ನಿಲ್ಲಿಸಲಿಲ್ಲ. ಆದರೆ ಪ್ರಶ್ನೆಗೂ ನನ್ನ ಕಾಲು ಓಡುವುದಕ್ಕೂ ನಡುವೆ ಒಂದು ಚೂರು ಜಾಗ ಮಾಡಿಕೊಟ್ಟಿತು. ಆ ಜಾಗದಲ್ಲಿ ನಿಂತು ಇಆರ್‌ಪಿ ಮಾಡಿದೆ.

ಮಾತ್ರೆಯಿಂದ ಅರ್ಧ ಮಾತ್ರ ಗುಣವಾದವರಿಗೆ ಮುಂದೇನು ಅನ್ನುವುದಕ್ಕೆ ಒಳ್ಳೆಯ ಉತ್ತರ ಇದೆ. 2013ರಲ್ಲಿ ಹೆಲೆನ್ ಬ್ಲೇರ್ ಸಿಂಪ್ಸನ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಎಸ್‌ಎಸ್‌ಆರ್‌ಐ ಜೊತೆಗೆ ಕೆಲವರಿಗೆ ಇಆರ್‌ಪಿ, ಕೆಲವರಿಗೆ ರಿಸ್ಪೆರಿಡೋನ್ ಅನ್ನುವ ಇನ್ನೊಂದು ಮಾತ್ರೆ, ಕೆಲವರಿಗೆ ಔಷಧಿಯಿಲ್ಲದ ಮಾತ್ರೆ. ಇಆರ್‌ಪಿ ಸೇರಿಸಿದವರಲ್ಲಿ ಶೇಕಡ 80ರಷ್ಟು ಜನ ಸುಧಾರಿಸಿದರು. ರಿಸ್ಪೆರಿಡೋನ್ ಸೇರಿಸಿದವರಲ್ಲಿ ಶೇಕಡ 23, ಔಷಧಿಯಿಲ್ಲದ ಮಾತ್ರೆ ತೆಗೆದುಕೊಂಡವರಲ್ಲಿ ಶೇಕಡ 15. ರಿಸ್ಪೆರಿಡೋನ್, ಅರಿಪಿಪ್ರಝೋಲ್ ಇವುಗಳಿಂದ ಕೆಲವರಿಗೆ ಲಾಭವಾಗುವುದು ನಿಜ. ಆದರೆ ಮೇಲೊಂದು ಮಾತ್ರೆ ಸೇರಿಸುವ ಮೊದಲು, ನನಗೆ ಇಆರ್‌ಪಿ ಸರಿಯಾಗಿ ಆಗಿದೆಯಾ ಅಂತ ಕೇಳಿಕೊಳ್ಳಬೇಕು. ನನ್ನ ಕೌಂಟರಿಗೆ ಮೂರು ನಾಲ್ಕು ಮಾತ್ರೆಗಳ ಚೀಟಿ ಹಿಡಿದು ಬರುವವರಲ್ಲಿ ಎಷ್ಟೋ ಜನ ಆ ಹೆಸರನ್ನೇ ಕೇಳಿರುವುದಿಲ್ಲ. ಅವರ ತಪ್ಪಲ್ಲ ಅದು. ಮಾತ್ರೆ ಬರೆಯಲು ಐದು ನಿಮಿಷ ಸಾಕು, ಇಆರ್‌ಪಿ ಮಾಡಿಸಲು ತರಬೇತಾದ ಮನುಷ್ಯ ಬೇಕು, ಸಮಯ ಬೇಕು.

ಅದಕ್ಕೇ ಚಿಕಿತ್ಸಕರನ್ನು ಹುಡುಕುವಾಗ ನೇರವಾಗಿ ಕೇಳಿ. ನೀವು ಒಸಿಡಿಗೆ ಇಆರ್‌ಪಿ ಮಾಡಿಸುತ್ತೀರಾ? ಭೇಟಿಯಲ್ಲಿ ಏನು ಮಾಡಿಸುತ್ತೀರಿ? ಬರೀ ಮಾತಾಡುತ್ತೇವೆ, ಮನಸ್ಸು ಶಾಂತ ಮಾಡುತ್ತೇವೆ ಅಂದರೆ ಇನ್ನೊಬ್ಬರನ್ನು ನೋಡಿ. ಪಟ್ಟಿ ಮಾಡುತ್ತೇವೆ, ಜೊತೆಯಲ್ಲೇ ಅಭ್ಯಾಸ ಮಾಡುತ್ತೇವೆ, ಮನೆಗೂ ಅಭ್ಯಾಸ ಕೊಡುತ್ತೇವೆ ಅಂದರೆ ಸರಿಯಾದ ಜಾಗ. ಊರಲ್ಲಿ ಯಾರೂ ಇಲ್ಲದಿದ್ದರೆ ವಿಡಿಯೊ ಕರೆಯ ಮೂಲಕವೂ ಇದನ್ನು ಮಾಡಬಹುದು. ಎಷ್ಟೋ ಸಲ ಅದೇ ಅನುಕೂಲ, ಭಯ ಇರುವುದು ಮನೆಯ ಬಚ್ಚಲಲ್ಲೋ ಬಾಗಿಲಲ್ಲೋ ತಾನೆ. ನಾರ್ವೆಯ ಬರ್ಗೆನ್‌ನಲ್ಲಿ ಗೆರ್ಡ್ ಕ್ವಾಲೆ ಮತ್ತು ಬ್ಯಾರ್ನೆ ಹಾನ್ಸೆನ್ ಇದನ್ನು ಸತತ 4 ದಿನಗಳಲ್ಲಿ ಒಟ್ಟಾಗಿ ಮಾಡಿಸುವ ಕ್ರಮ ರೂಪಿಸಿದ್ದಾರೆ. ಗುಂಪಿನಲ್ಲಿ ಎಷ್ಟು ರೋಗಿಗಳೋ ಅಷ್ಟೇ ಚಿಕಿತ್ಸಕರು. ಫಲಿತಾಂಶ ಬಹಳ ಚೆನ್ನಾಗಿದೆ. ವಾರಕ್ಕೊಂದು ಭೇಟಿ ಅನ್ನುವುದೇ ಏಕೈಕ ದಾರಿ ಅಲ್ಲ ಅಂತ ತೋರಿಸಿದ್ದಕ್ಕೆ ಅವರ ಕೆಲಸ ನನಗೆ ಇಷ್ಟ.

ವೈದ್ಯರು ವೈ-ಬಾಕ್ಸ್ ಅನ್ನುವ ಪ್ರಶ್ನಾವಳಿ ಬಳಸಿದರೆ ಗಾಬರಿಯಾಗಬೇಡಿ. 1989ರಲ್ಲಿ ವೇಯ್ನ್ ಗುಡ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ 10 ಪ್ರಶ್ನೆಗಳ ಅಳತೆ ಅದು, ಒಟ್ಟು 40 ಅಂಕ. ಯಾವ ಯೋಚನೆ ಅನ್ನುವುದಕ್ಕೆ ಅಂಕವಿಲ್ಲ. ದಿನಕ್ಕೆ ಎಷ್ಟು ಹೊತ್ತು ನುಂಗುತ್ತದೆ, ಎಷ್ಟು ಅಡ್ಡಿ, ಎಷ್ಟು ಸಂಕಟ, ಎಷ್ಟು ಹಿಡಿತ ಅನ್ನುವುದಕ್ಕೆ ಅಂಕ. ನಾನು ಇದನ್ನು ತುಂಬಿದಾಗ ಮೊದಲ ಬಾರಿಗೆ ನನ್ನ ಯೋಚನೆ ಎಷ್ಟು ಕೆಟ್ಟದು ಅಂತ ಯಾರೂ ಅಳೆಯಲಿಲ್ಲ. ಮಗುವಿನ ಯೋಚನೆಯನ್ನೂ ಅಂದೇ ಹೇಳಿದೆ. ಎದುರಿಗಿದ್ದ ಮನೋವೈದ್ಯರ ಮುಖ ಬದಲಾಗಲಿಲ್ಲ, ಬರೆದುಕೊಂಡು ಮುಂದಿನ ಪ್ರಶ್ನೆ ಕೇಳಿದರು.

ಇಷ್ಟೆಲ್ಲ ಮಾಡಿಯೂ ಗುಣವಾಗದವರಿದ್ದಾರೆ. ಅವರಿಗೂ ದಾರಿ ಮುಗಿದಿಲ್ಲ. ತಲೆಯ ಹೊರಗಿನಿಂದ ಕಾಂತೀಯ ಅಲೆಗಳನ್ನು ಕೊಡುವ ಡೀಪ್ ಟಿಎಂಎಸ್ ಅನ್ನು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಒಸಿಡಿಗೆ ಒಪ್ಪಿತು. ಅದರಲ್ಲಿ ಪ್ರತಿ ಸಲವೂ ಮೊದಲು ರೋಗಿಯ ಗೀಳನ್ನು ಸ್ವಲ್ಪ ಕೆಣಕಿ, ಆಮೇಲೆ ಅಲೆಗಳನ್ನು ಕೊಡುತ್ತಾರೆ. ಮಿದುಳೊಳಗೆ ತಂತಿ ಇಟ್ಟು ಸಣ್ಣ ವಿದ್ಯುತ್ ಹರಿಸುವ ಡಿಬಿಎಸ್ ಶಸ್ತ್ರಚಿಕಿತ್ಸೆಗೆ 2009ರಲ್ಲಿ ಅಲ್ಲಿ ಸೀಮಿತ ಒಪ್ಪಿಗೆ ಸಿಕ್ಕಿತು. ಅದು ಬೇರೆಲ್ಲ ವಿಫಲವಾದ ತೀರಾ ಕಠಿಣ ಒಸಿಡಿಗೆ ಮಾತ್ರ. ನನಗೆ ಇವುಗಳ ಅನುಭವ ಇಲ್ಲ, ಹಾಗಾಗಿ ಹೆಚ್ಚು ಬರೆಯುವುದಿಲ್ಲ.

ಗುಣ ಕಂಡ ಮೇಲೆ ಮಾತ್ರೆ ಎಷ್ಟು ದಿನ ಅಂತ ಎಲ್ಲರೂ ಕೇಳುತ್ತಾರೆ. ಸಾಮಾನ್ಯ ಸಲಹೆ, ಕನಿಷ್ಠ ಒಂದೆರಡು ವರ್ಷ. ಆಮೇಲೂ ನಿಲ್ಲಿಸುವುದಾದರೆ ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು, ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಒಮ್ಮೆಲೇ ಬಿಟ್ಟರೆ ತಲೆಸುತ್ತು, ಕರೆಂಟ್ ಹೊಡೆದಂಥ ಅನುಭವ, ಕಿರಿಕಿರಿ ಆಗಬಹುದು, ಕಾಯಿಲೆ ಮರಳಲೂಬಹುದು. ಇಆರ್‌ಪಿ ಕಲಿತವರ ಕೈಯಲ್ಲಿ ಮಾತ್ರೆ ಇಳಿಸುವಾಗ ಒಂದು ಆಯುಧ ಇರುತ್ತದೆ, ಅದು ನಿಜವಾದ ಅನುಕೂಲ.

ನನ್ನ ಒಸಿಡಿ ಪೂರ್ತಿ ಹೋಗಿಲ್ಲ. ನಿದ್ದೆ ಕೆಟ್ಟ ವಾರಗಳಲ್ಲಿ, ಹೊಸ ಔಷಧಿಯೊಂದು ವಿಭಾಗಕ್ಕೆ ಬಂದಾಗ ಪ್ರಶ್ನೆ ಎದ್ದು ಕೂರುತ್ತದೆ. ಆಗ ಚಿಕಿತ್ಸಕರ ಜೊತೆ ಬರೆದುಕೊಂಡ ಹಾಳೆ ತೆಗೆಯುತ್ತೇನೆ. ಯಾವ ಲಕ್ಷಣ ಕಂಡರೆ ಎಚ್ಚರ, ಯಾವ ಅಭ್ಯಾಸಕ್ಕೆ ಮರಳಬೇಕು, ಯಾವಾಗ ಫೋನ್ ಮಾಡಬೇಕು ಅಂತ ಅದರಲ್ಲಿದೆ. ಕಡತದ ಕಪಾಟಿಗೆ ಸಂಜೆ ಬೀಗ ಹಾಕುವವರು ಈಗಲೂ ನಾನೇ. ಅಕ್ಕನ ಮಗಳನ್ನು ಶಾಲೆಯಿಂದ ಕರೆದುಕೊಂಡು ಬರುವುದೂ ಎಷ್ಟೋ ಸಲ ನನ್ನ ಪಾಲಿಗೆ ಬರುತ್ತದೆ. ಮಾತ್ರೆ ಇಳಿಸುವ ಬಗ್ಗೆ ವೈದ್ಯರ ಜೊತೆ ಮಾತಾಡಿದ್ದೇನೆ. ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ ಅಂತ ಇಬ್ಬರೂ ಒಪ್ಪಿಕೊಂಡಿದ್ದೇವೆ.